ಸಣ್ಣ ಖಾಸಗಿ ಶಾಲೆಗೆ ಯು-ಡೈಸ್ ಪ್ಲಸ್ ಎಷ್ಟು ಉಪಯೋಗ?

ಎಲ್‌ಕೆಜಿ ಸೀಟು ಖಾಲಿ ಉಳಿದರೆ ಆಡಳಿತ ಮಂಡಳಿಗಳು ಮೊದಲು ಫ್ಲೆಕ್ಸ್ ಹಾಕಿಸುತ್ತವೆ. ಅದಕ್ಕೂ ಮುಂಚೆ ಕೇಂದ್ರ ಶಿಕ್ಷಣ ಸಚಿವಾಲಯದ ಶಾಲಾ ಮಾಹಿತಿ ಜಾಲತಾಣ ಯು-ಡೈಸ್ ಪ್ಲಸ್‌ನಲ್ಲಿ ‘ನೋ ಯುವರ್ ಸ್ಕೂಲ್’ ಪುಟ ತೆರೆಯಬೇಕು. ದುಡ್ಡು ಕೊಡಬೇಕಿಲ್ಲ.

11 ಅಂಕಿಯ ಶಾಲಾ ಕೋಡ್ ಹಾಕಿದರೆ ಆ ಶಾಲೆಯ ವರದಿ ಕಾರ್ಡ್‌ನಲ್ಲಿ ತರಗತಿವಾರು ಮಕ್ಕಳ ಸಂಖ್ಯೆ ಸಿಗುತ್ತದೆ. ನಿಮ್ಮ ಶಾಲಾ ವಾಹನ ಓಡುವ ಹಾದಿಯ ಎಲ್ಲ ಶಾಲೆಗಳ, ಸರ್ಕಾರಿ ಶಾಲೆಗಳದ್ದೂ ಸೇರಿಸಿ, 1ನೇ ತರಗತಿಯ ಸಂಖ್ಯೆಯನ್ನು ನಾಲ್ಕು ವರ್ಷದ್ದು ಬರೆದು, ಪ್ರತಿ ವರ್ಷದ್ದನ್ನು ಬೇರೆ ಬೇರೆಯಾಗಿ ಕೂಡಿಸಿ. ಒಟ್ಟು ಮೊತ್ತವೇ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಸುತ್ತಲಲ್ಲೇ ಮಕ್ಕಳು ಕಡಿಮೆಯಾಗಿರಬಹುದು. ಫೀಸು ಇಳಿಸಿದರೂ ಹೆಚ್ಚೇನೂ ಗಿಟ್ಟದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಫಲವತ್ತತೆ ದರ, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ, 1.7 ಮಾತ್ರ. ಮೊತ್ತ ಹಾಗೇ ಇದ್ದು ನಿಮ್ಮ ಪಾಲಷ್ಟೇ ಕುಸಿದಿದ್ದರೆ ಶಿಕ್ಷಕರು, ಬಸ್ಸು, ಫೀಸಿನ ಕಡೆ ನೋಡಿ. ಒಂದೇ ವರ್ಷದ ಏರಿಳಿತ ನಂಬಬೇಡಿ: 1ನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಬೇಕೆಂಬ ನಿಯಮ ಮಕ್ಕಳನ್ನು ಮುಂದಿನ ವರ್ಷಕ್ಕೆ ತಳ್ಳಿರಬಹುದು.

ದೊಡ್ಡ ಕೊರತೆ, ಪ್ರತ್ಯೇಕವಾಗಿ ನಡೆಯುವ ಪ್ಲೇಹೋಮ್‌ಗಳು ಇಲ್ಲಿ ಬರುವುದಿಲ್ಲ. ಮಗು ಯಾವ ಬಡಾವಣೆಯದು ಎಂದೂ ತಿಳಿಯದು. 2011ರ ಜನಗಣತಿಯ 0-6 ವಯೋಮಾನದ ಅಂಕಿ ಇದಕ್ಕೆ ಬದಲಿಯಲ್ಲ. ಆ ಮಕ್ಕಳು ಈಗ ಹೈಸ್ಕೂಲು, ಕಾಲೇಜು ಸೇರಿದ್ದಾರೆ. ಅಂಗನವಾಡಿ ಕೇಂದ್ರಗಳಲ್ಲಿ 3ರಿಂದ 6 ವರ್ಷದವರ ಒಟ್ಟು ಸಂಖ್ಯೆಯನ್ನಷ್ಟೇ ಕೇಳಿ, ಹೆಸರು ಬೇಡ. ಯು-ಡೈಸ್ ಮೊತ್ತ, ಅಂಗನವಾಡಿ ಸಂಖ್ಯೆ ಎರಡನ್ನೂ ಜೊತೆಗಿಟ್ಟು ನೋಡದೆ ಹೊಸ ಸೆಕ್ಷನ್ ತೆರೆಯಬಾರದು.