ಆರಾಮ್ ನಗರದ ಬಾಡಿಗೆ ಸ್ಟುಡಿಯೋ: ಬ್ಯಾಲೆ ಕಟ್ಟಲು ಸೈ, ಲಿಫ್ಟ್ ಎತ್ತಲು ಬೇಡ

ಮುಂಬಯಿಯ ಅಂಧೇರಿ ಪಶ್ಚಿಮ, ವರ್ಸೋವಾ ಕಡೆ ಡಾನ್ಸ್ ಸ್ಟುಡಿಯೋ ಬಾಡಿಗೆಗೆ ಕೊಡುವವರಿಗೆ ಬರ ಇಲ್ಲ. ಆದರೆ ಹೆಚ್ಚಿನವು ಇರುವುದು ರೀಲ್ಸ್ ತೆಗೆಯುವವರಿಗೆ, ಮದುವೆಯ ಸಂಗೀತ್ ಸಂಜೆಗೆ ನಾಲ್ಕು ಹೆಜ್ಜೆ ಕಲಿಯುವವರಿಗೆ. ಐದಾರು ನರ್ತಕರು ಒಬ್ಬ ಕೊರಿಯೋಗ್ರಾಫರ್ ಜೊತೆ ಸೇರಿ ಸಮಕಾಲೀನ ಬ್ಯಾಲೆಯ ಹೊಸ ತುಣುಕೊಂದನ್ನು ಶುರುವಿನಿಂದ ಕಟ್ಟಬೇಕಾದರೆ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಇಲ್ಲಿ ಪರೀಕ್ಷೆಗೆ ಹಚ್ಚಿರುವುದು ಆರಾಮ್ ನಗರದ ಒಂದು ಹಳೆಯ ಬಂಗಲೆಯ ನೆಲ ಅಂತಸ್ತಿನ ಹಾಲ್: 30 ಅಡಿ ಉದ್ದ, 22 ಅಡಿ ಅಗಲ, ಸೂರು ಒಂಬತ್ತೂವರೆ ಅಡಿ. ದೂರುಗಳೂ ಇರುವುದರಿಂದ ಹೆಸರು ಹಾಕಿಲ್ಲ. ಅದೇ ಸಾಲಿನ ಬೇರೆ ಹಾಲುಗಳನ್ನು ನೋಡುವಾಗಲೂ ಈ ಅಳತೆಗೋಲು ನಡೆಯುತ್ತದೆ.

ಮೊದಲು ನೆಲ. ಕನ್ನಡಿ, ಲೈಟು, ಗೋಡೆಯ ಬಣ್ಣ ಎಲ್ಲ ಆಮೇಲೆ. ಯಕ್ಷಗಾನದಲ್ಲಿ ತೆಂಕಿನ ಧಿಗಿಣ, ಬಡಗಿನ ಮಂಡಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಂಕ್ರೀಟಿನ ಮೇಲೆ ಕುಣಿದ ಮೊಣಕಾಲು ವರ್ಷ ಕಳೆದ ಮೇಲೆ ಲೆಕ್ಕ ಕೇಳುತ್ತದೆ. ಹಾಲಿಗೆ ಕಾಲಿಟ್ಟ ಕೂಡಲೇ ಚಪ್ಪಲಿ ಬಿಟ್ಟು ಹಿಮ್ಮಡಿಯಿಂದ ಒಮ್ಮೆ ಗುದ್ದಿ. ಕಾಂಕ್ರೀಟಿಗೆ ನೇರ ಅಂಟಿಸಿದ ವಿನೈಲ್ ಆದರೆ ಸತ್ತ ಸದ್ದು, ಹೊಡೆತ ಮೊಣಕಾಲ ತನಕ. ಇಲ್ಲಿ ಸದ್ದು ಟೊಳ್ಳು, ನೆಲ ಒಂದು ಚೂರು ಕೂತು ಏಳುತ್ತದೆ. ಹೊಸ್ತಿಲ ಪಟ್ಟಿ ಕಿತ್ತುಹೋದ ಜಾಗದಲ್ಲಿ ಪದರಗಳು ಕಾಣುತ್ತವೆ: ಅಡಿಗೊಂದರಂತೆ ರಬ್ಬರ್ ಬಿಲ್ಲೆ, ಮೇಲೆ ಮರದ ರೀಪು, ಅದರ ಮೇಲೆ 12 ಮಿ.ಮೀ. ಪ್ಲೈವುಡ್ ಎರಡು ಪದರ, ಕೀಲುಗಳು ಒಂದರ ಮೇಲೊಂದು ಬರದಂತೆ ತಪ್ಪಿಸಿ. ಕೊನೆಗೆ ಮಾರ್ಲಿ, ಅಂದರೆ ನೃತ್ಯಕ್ಕೆಂದೇ ಬರುವ ವಿನೈಲ್ ಹಾಸು, ಒಂದೂವರೆ ಮಿ.ಮೀ. ದಪ್ಪದ್ದು. ಕಟ್ಟಿದವನಿಗೆ ಕೆಲಸ ಗೊತ್ತಿದೆ.

ಗೊತ್ತಿದ್ದೂ ಒಂದು ಕಡೆ ಎಡವಿದ್ದಾನೆ. ಪ್ಲೈವುಡ್ ಮಳೆಗಾಲದಲ್ಲಿ ಉಬ್ಬುತ್ತದೆ, ಅದಕ್ಕೆ ಗೋಡೆಯ ಸುತ್ತ 10ರಿಂದ 15 ಮಿ.ಮೀ. ಸಂದು ಬಿಡಬೇಕು. ಕನ್ನಡಿಯ ಬದಿಯಲ್ಲಿ ಹಲಗೆ ಗೋಡೆಗೆ ತಾಗಿ ಕೂತಿದೆ. ಜುಲೈ ಬಂತೆಂದರೆ ಹಿಗ್ಗಿದ ಹಲಗೆಗೆ ಹೋಗಲು ಜಾಗವಿಲ್ಲದೆ ಕೀಲಿನ ಉದ್ದಕ್ಕೂ ಏಣು ಎದ್ದು ನಿಲ್ಲುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬರಿಗಾಲಲ್ಲಿ ಉಜ್ಜಿಕೊಂಡು ನಡೆದರೆ ತಿಳಿಯುತ್ತದೆ. ಮೂಲೆಯಿಂದ ಮೂಲೆಗೆ ಓಡಿ ಗ್ರಾಂ ಜೆತೇ, ಅಂದರೆ ಕಾಲು ಚಾಚಿದ ದೊಡ್ಡ ಜಿಗಿತ, ಹಾರಿದವರು ಇಳಿಯುವುದು ಸರಿಯಾಗಿ ಅಲ್ಲೇ. ಸ್ಕರ್ಟಿಂಗ್ ತೆಗೆಸಿ ಅಂಚು ಕೊಯ್ಯಿಸಿದರೆ ಅರ್ಧ ದಿನದ ಕೆಲಸ. ಮಾಡಿಸುವವರೆಗೆ ಆ ಗೆರೆಯ ಮೇಲೆ ಬಣ್ಣದ ಟೇಪು ಹಾಕಿಕೊಂಡು ಇಳಿಯುವ ಜಾಗ ಬದಲಿಸಿ.

ಇನ್ನು ಜಾರಿಕೆ. ಬೆಳಗ್ಗೆ ಒರೆಸಲು ಬರುವ ಮಾವ್ಶಿ ಫಿನಾಯಿಲ್ ಹಾಕಿದರೆ ವಿನೈಲ್ ಮೇಲೆ ತೆಳು ಪೊರೆ ಉಳಿದು ಇಡೀ ಬೆಳಗು ಕಾಲು ನಿಲ್ಲುವುದಿಲ್ಲ. ಬರೀ ನೀರು, ಚೆನ್ನಾಗಿ ಹಿಂಡಿದ ಮಾಪ್ ಎಂದು ಮೊದಲ ದಿನವೇ ಹೇಳಿಬಿಡಿ. ಜಾರುತ್ತದೆಂದು ರಾಳದ ಪುಡಿ ಉದುರಿಸುವವರೂ ಇದ್ದಾರೆ, ಅದು ಮರದ ನೆಲದ ಅಭ್ಯಾಸ. ಮಾರ್ಲಿಯಲ್ಲಿ ರಾಳ ಬೆವರಿನ ಜೊತೆ ಸೇರಿ ಅಲ್ಲಲ್ಲಿ ಅಂಟು ಮಚ್ಚೆಯಾಗುತ್ತದೆ. ತಿರುಗುವಾಗ ಪಾದ ನಿಂತು ಮೊಣಕಾಲು ಮುಂದೆ ಹೋದರೆ ಏನಾಗುತ್ತದೆಂದು ಹೇಳಬೇಕೆ? ತಲೆಗೆ ಎಣ್ಣೆ ಹಚ್ಚಿ ಬಂದವರು ನೆಲದಲ್ಲಿ ಉರುಳಿದರೂ ಇದೇ ಕಥೆ, ತಲೆ ಇಟ್ಟಲ್ಲೆಲ್ಲ ಗುಂಡನೆ ಎಣ್ಣೆ ಕಲೆ. ತೆಂಗಿನೆಣ್ಣೆ ರಾತ್ರಿಗೆ ಇರಲಿ.

ಎಲ್ಲಕ್ಕಿಂತ ಕೆಟ್ಟದ್ದು ಎಸಿಯ ಆಟ. ಮಳೆಗಾಲದಲ್ಲಿ 18ಕ್ಕೆ ಇಟ್ಟು ಹಾಲನ್ನು ತಣ್ಣಗೆ ಮಾಡಿ, ಊಟಕ್ಕೆ ಹೋಗುವಾಗ ಎಸಿ ಆರಿಸಿ ಬಾಗಿಲು ತೆರೆದಿಟ್ಟರೆ ಹೊರಗಿನ ತೇವದ ಗಾಳಿ ತಣ್ಣನೆಯ ವಿನೈಲ್ ಮೇಲೆ ನೀರಾಗಿ ಕೂರುತ್ತದೆ. ನೆಲ ಒಣಗಿದಂತೆ ಕಾಣುತ್ತದೆ, ಬೆರಳಿಟ್ಟರೆ ಒದ್ದೆ. 26ಕ್ಕೆ ಇಟ್ಟು ಊಟದ ಹೊತ್ತಲ್ಲೂ ಓಡಿಸಿ, ಬಾಗಿಲು ಮುಚ್ಚಿಡಿ. ಸ್ನಾಯುಗಳಿಗೂ ಅದೇ ಲೇಸು. ಇಲ್ಲಿಯ ಮ್ಯಾನೇಜರ್ ಬಂಟ್ವಾಳ ಕಡೆಯವರು, "ಎಸಿ ಬಂದ್ ಮಾಡ್ಬೇಡಿ ಅಂತ ಹೇಳಿದ್ರೆ ಸಾಕು ಮಾರಾಯ್ರೆ, ಬಿಲ್ಲು ನಾವು ನೋಡ್ಕೊಳ್ತೇವೆ" ಅನ್ನುತ್ತಾರೆ. ಎಸಿಗೆ ಬೇರೆ ಬಿಲ್ಲು ಹಾಕುವ ಜಾಗಗಳೂ ಇರುವ ಊರಲ್ಲಿ ಇದು ದೊಡ್ಡ ಮಾತು.

ತುಣುಕು ಕಟ್ಟುವ ಮೊದಲ ಹಂತಕ್ಕೆ ಈ ಹಾಲ್ ಹೇಳಿ ಮಾಡಿಸಿದ್ದು. ಈ ಹಂತದಲ್ಲಿ ಕೊರಿಯೋಗ್ರಾಫರ್ 16 ಕೌಂಟಿನ, ಅಂದರೆ 16 ಎಣಿಕೆಯ, ಒಂದು ಫ್ರೇಸ್ (ಚಲನೆಗಳ ಸರಣಿ) ಕೊಡುತ್ತಾರೆ. ನರ್ತಕರು ಅದನ್ನು ಹಿಂದುಮುಂದಾಗಿ, ನೆಲಕ್ಕಿಳಿಸಿ, ದಿಕ್ಕು ತಿರುಗಿಸಿ, ಕೈಯ ಕೆಲಸ ಕಾಲಿಗೆ ಕೊಟ್ಟು ತಮ್ಮ ತಮ್ಮ ಆವೃತ್ತಿ ಮಾಡುತ್ತಾರೆ. ಐದು ಜನರಿಂದ ಐದು ಆವೃತ್ತಿ, ಅದರಲ್ಲಿ ಉಳಿಯುವುದು ಎರಡೋ ಮೂರೋ. ಪ್ರತಿ ಫ್ರೇಸಿಗೂ ಅಡ್ಡಹೆಸರು ಇಟ್ಟುಬಿಡಿ, "ಗಿರಗಿಟ್ಲೆ", "ವಿರಾರ್ ಫಾಸ್ಟ್", ಏನಾದರೂ ಸರಿ. "ಎರಡನೆಯ ವಾರ ಮಾಡಿದ ಆ ಎಡಗೈಯದ್ದು" ಎಂದು ಹುಡುಕುತ್ತ ಕೂತರೆ ಬಾಡಿಗೆ ಓಡುತ್ತಿರುತ್ತದೆ. ದಿನದ ಕೊನೆಗೆ ಫೋನನ್ನು ಟ್ರೈಪಾಡಿಗೆ ಹಾಕಿ ಒಂದೇ ಮೂಲೆಯಿಂದ ಚಿತ್ರೀಕರಿಸಿ. ಕೈಯಲ್ಲಿ ಹಿಡಿದು ಓಡಾಡುತ್ತ ತೆಗೆದ ವಿಡಿಯೋದಲ್ಲಿ ಯಾರು ಯಾರ ಎಡಕ್ಕಿದ್ದರು ಎಂಬುದೇ ತಿಳಿಯುವುದಿಲ್ಲ.

ಕನ್ನಡಿ ಒಂದೇ ಬದಿಗಿದೆ, ಮೇಲೆ ಎಳೆಯುವ ಪರದೆ ಇದೆ. ಆ ಪರದೆಗೇ ಒಂದು ಅಂಕ ಜಾಸ್ತಿ. ಕನ್ನಡಿ ಕಾಣುತ್ತಿರುವಷ್ಟು ಹೊತ್ತು ಕಣ್ಣು ಅಲ್ಲೇ ಅಂಟಿ ಕುತ್ತಿಗೆಯ ಗೆರೆ ಕೆಡುತ್ತದೆ, ಜೊತೆಗಾರನ ಉಸಿರು ಕೇಳಿಸುವುದಿಲ್ಲ. ಜುಹೂವಿನ ಪೃಥ್ವಿಯಂತೆ ಮೂರು ಬದಿಗೂ ಪ್ರೇಕ್ಷಕರು ಕೂರುವ ರಂಗಕ್ಕೆ ತಯಾರಿ ಮಾಡುವವರು ಎರಡನೆಯ ವಾರದಿಂದಲೇ ಪರದೆ ಎಳೆದು ಮುಖದ ದಿಕ್ಕು ಬದಲಿಸುತ್ತ ಹೋಗಬೇಕು.

ಎರಡು ಸೋಲೋಗಳನ್ನು ಒಂದರೊಳಗೊಂದು ಹೆಣೆದು ಜೋಡಿ ನೃತ್ಯ ಮಾಡುವ ತನಕ ಜಾಗ ಸಾಲುತ್ತದೆ. ಭಾರ ಹಂಚಿಕೊಂಡು ಹೊರಕ್ಕೆ ವಾಲುವಾಗ ಬೆರಳು ಹಿಡಿಯಬೇಡಿ, ಮಣಿಕಟ್ಟಿಗೆ ಮಣಿಕಟ್ಟು; ಇಬ್ಬರ ಮೊಣಕೈಯೂ ನೀಳ. ಒಬ್ಬರು ಮೊಣಕೈ ಮಡಚಿ ಎಳೆದರೆ ಇನ್ನೊಬ್ಬರ ಅಕ್ಷ ತಪ್ಪಿ ಇಬ್ಬರೂ ಕೂರುತ್ತಾರೆ. ಇಲ್ಲಿಯ ಬೆವರಿಗೆ ಹಿಡಿತ ಜಾರುವುದು ಖಂಡಿತ, ತೋಳಿರುವ ಹತ್ತಿ ಅಂಗಿ ಹಾಕಿಕೊಳ್ಳಿ. ಪಾದದ ವಿಷಯದಲ್ಲಿ ಎಲ್ಲರಿಗೂ ಹಿತವಾಗುವ ನೆಲ ಎಂಬುದೇ ಇಲ್ಲ: ಕಾಲುಚೀಲ ಜಾರುತ್ತದೆ, ಬರಿಗಾಲು ತಿರುಗುವಾಗ ಹಿಡಿಯುತ್ತದೆ, ಕಾಲ್ಬೆರಳ ತುದಿಯಲ್ಲಿ ನಿಲ್ಲಲು ಹಾಕುವ ಪಾಯಿಂಟ್ ಶೂಗೆ ಹಿಡಿತವೇ ಬೇಕು. ಕಾಲುಚೀಲದ ಮುಂಗಾಲಿನ ಭಾಗ ಕತ್ತರಿಸಿಕೊಂಡರೆ ಅರ್ಧ ಸಮಸ್ಯೆ ಕಳೆಯುತ್ತದೆ. ಅಂಟು, ಬಟ್ಟೆ, ಕಾಗದದಿಂದ ಮಾಡಿದ ಪಾಯಿಂಟ್ ಶೂ ಮುಂಬಯಿ ಮಳೆಗಾಲದಲ್ಲಿ ಬೇಗ ಮೆತ್ತಗಾಗುವುದರಿಂದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಜಾಲರಿ ಚೀಲದಲ್ಲಿ ಗಾಳಿಗೆ ತೂಗುಹಾಕಿ. ಎರಡು ಜೊತೆ ಇದ್ದರೆ ಅದಲುಬದಲು ಮಾಡಿ.

ಲಿಫ್ಟ್, ಅಂದರೆ ಜೊತೆಗಾರರನ್ನು ಮೇಲೆತ್ತುವ ಕೆಲಸ, ಶುರುವಾದ ದಿನ ಈ ಹಾಲ್ ಬಿಡಿ. ಐದು ಅಡಿ ಎಂಟು ಅಂಗುಲದ ನರ್ತಕನ ಭುಜ ಹೆಚ್ಚುಕಡಿಮೆ ನಾಲ್ಕು ಅಡಿ ಎಂಟು ಅಂಗುಲದಲ್ಲಿರುತ್ತದೆ. ಅದರ ಮೇಲೆ ಕೂತ ನರ್ತಕಿಯ ತಲೆ ಏಳೂವರೆ ಅಡಿ ಹತ್ತಿರ, ಕೈ ಎತ್ತಿದರೆ ಒಂಬತ್ತು. ಸೂರು ಒಂಬತ್ತೂವರೆ, ಫ್ಯಾನಿನ ರೆಕ್ಕೆ ಎಂಟೂವರೆಯಲ್ಲಿ. ಸ್ವಿಚ್ ಆಫ್ ಮಾಡಿದರಾಯಿತು ಅನ್ನುವವರಿದ್ದಾರೆ. ನಿಂತ ರೆಕ್ಕೆಯ ಅಂಚೂ ಮಣಿಕಟ್ಟಿಗೆ ಸಾಕು. ಅದಕ್ಕಿಂತ ದೊಡ್ಡ ಕೇಡು ಎಂದರೆ ತಲೆಯ ಮೇಲೆ ಏನೋ ಇದೆ ಎಂಬ ಅಂಜಿಕೆಗೆ ಮೇಲಿದ್ದವರು ಬೆನ್ನು ಕುಗ್ಗಿಸುತ್ತಾರೆ, ಕುಗ್ಗಿದ ದೇಹ ಎತ್ತುವವನಿಗೆ ಭಾರ, ಆ ತಪ್ಪು ಅಭ್ಯಾಸ ರಂಗದ ತನಕ ಬರುತ್ತದೆ. ಹನ್ನೆರಡು ಅಡಿ ಸೂರು, ಫ್ಯಾನಿಲ್ಲದ ಜಾಗ ಹುಡುಕಿ. ಹಾಲ್‌ನವರು ಒಂದು ದಪ್ಪ ಮ್ಯಾಟ್ ಕೊಡುತ್ತಾರೆ, ಅದರಿಂದ ಸೂರು ಇನ್ನೂ ಹತ್ತಿರವಾಯಿತು, ಅಷ್ಟೇ.

ತುಣುಕನ್ನು ಮೊದಲಿಂದ ಕೊನೆಯ ತನಕ ಆಡುವ ಪೂರ್ತಿ ರನ್‌ಗೂ ಇದು ಚಿಕ್ಕದು. ಇಲ್ಲಿಯ ಮೂಲೆಯಿಂದ ಮೂಲೆಗೆ 37 ಅಡಿ. ನೀವು ಆಡಲಿರುವ ರಂಗ 40×30 ಇದ್ದರೆ ಅದು 50. ಸಂಗೀತ ಅಷ್ಟೇ ಇರುತ್ತದೆ, ದಾರಿ 13 ಅಡಿ ಹೆಚ್ಚು. ಇಲ್ಲಿ ನಾಲ್ಕನೆಯ ಕೌಂಟಿಗೆ ತಲುಪಿದವರು ಅಲ್ಲಿ ನಡುದಾರಿಯಲ್ಲಿರುತ್ತಾರೆ. ಕೊನೆಯ ವಾರ ರಂಗದ ಅಳತೆಯನ್ನು ದೊಡ್ಡ ಹಾಲೊಂದರಲ್ಲಿ ಟೇಪು ಹಾಕಿ, ನಡುಗೆರೆ, ಕಾಲುಭಾಗದ ಗೆರೆ ಗುರುತಿಸಿ ರನ್ ಮಾಡಿ.

ಸೌಂಡ್: ಸ್ಪೀಕರ್ ಒಳ್ಳೆಯದು, ಬ್ಲೂಟೂತ್ ಬೇಡ. ಫೋನಲ್ಲಿ ಒತ್ತಿ ಸದ್ದು ಬರುವಷ್ಟರಲ್ಲಿ ಕಿವಿಗೆ ಗೊತ್ತಾಗುವಷ್ಟು ತಡ, ಒಂದೇ ಎಂಟು ಕೌಂಟನ್ನು ಮತ್ತೆ ಮತ್ತೆ ಹಾಕುವಾಗ ತಲೆ ಕೆಡುತ್ತದೆ. ಆಕ್ಸ್ ವೈರ್ ನೀವೇ ಒಯ್ಯಿರಿ, ಅವರದ್ದು ಕರಕರ ಅನ್ನುತ್ತದೆ. ಹಿಡಿದು ಅಭ್ಯಾಸ ಮಾಡುವ ಬಾರ್‌ಗಳು ಮೂರು, ಎತ್ತರ 42 ಅಂಗುಲ, ಒಂದರ ಕಾಲು ಅಲುಗುತ್ತದೆ. ಶೌಚಾಲಯ ಚೊಕ್ಕ.

ಬಾಡಿಗೆ ಗಂಟೆ ಲೆಕ್ಕ, ಕಡಿಮೆಯೆಂದರೆ ಎರಡು ಗಂಟೆ. ಎರಡು ಗಂಟೆ ತೆಗೆದುಕೊಳ್ಳಬೇಡಿ. ಬಾರ್ ಹಿಡಿದು ಮೈ ಬಿಸಿ ಮಾಡಲು 45 ನಿಮಿಷ, ಕಟ್ಟುವುದಕ್ಕೆ 90, ಮೆಲುಕು ಮತ್ತು ವಿಡಿಯೋಗೆ 30, ಮೈ ತಣಿಸಲು 15, ಅಲ್ಲಿಗೆ ಮೂರು ಗಂಟೆ. ಎರಡಕ್ಕಿಳಿಸಿದರೆ ಎಲ್ಲರೂ ಮೊದಲು ಕೊಯ್ಯುವುದು ಬಾರ್‌ನ ಹೊತ್ತನ್ನು, ಕಾಲು ಉಳುಕುವುದೂ ಆಗಲೇ. ನೆಲ ಒರೆಸುವುದು, ಟೇಪು ಕೀಳುವುದು ನಿಮ್ಮ ಗಂಟೆಯೊಳಗೇ ಆಗಬೇಕು. ಹೊರಗೆ ಮುಂದಿನ ಬ್ಯಾಚಿನವರು ಕಾದಿರುತ್ತಾರೆ. ಸಂಜೆಗಿಂತ ಬೆಳಗ್ಗೆ ದರ ಕಡಿಮೆ, ಪಕ್ಕದ ಬಂಗಲೆಗಳ ಆಡಿಷನ್ ಗದ್ದಲವೂ ಇರುವುದಿಲ್ಲ.

ಘಾಟ್ಕೋಪರ್, ಡೊಂಬಿವಲಿ ಕಡೆಯ ನರ್ತಕರಿಗೆ 2014ರಿಂದ ಓಡುತ್ತಿರುವ ವರ್ಸೋವಾ ಮೆಟ್ರೋ ಅನುಕೂಲ, ಮಾಟುಂಗಾದವರೂ ಘಾಟ್ಕೋಪರ್‌ಗೆ ಹೋಗಿ ಅದನ್ನೇ ಹಿಡಿಯಬಹುದು. ಮಳೆಗೆ ಲೋಕಲ್ ನಿಂತ ದಿನ ಬರಲಾಗದವರ ಭಾಗ ಬಿಟ್ಟು ಸೋಲೋ ಕೆಲಸ ಇಟ್ಟುಕೊಳ್ಳಿ, ಏಕೆಂದರೆ 24 ಗಂಟೆ ಮುಂಚೆ ರದ್ದು ಮಾಡದಿದ್ದರೆ ಮುಂಗಡ ವಾಪಸ್ ಇಲ್ಲ, ಮಳೆ ಬಂತು ಎಂದರೂ ಕೇಳುವುದಿಲ್ಲ. ಒಟ್ಟಿಗೆ ಹತ್ತು ಸ್ಲಾಟ್ ತೆಗೆದುಕೊಳ್ಳುತ್ತೇವೆ ಎಂದರೆ ಮಾತ್ರ ಈ ಷರತ್ತು ಸಡಿಲಿಸುತ್ತಾರೆ, ಅದನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.