ಆಂಕಿಡ್ರಾಯ್ಡ್, ಎರಡು ವರ್ಷದ ಬಳಕೆ: ಕಾರ್ಡಿನ ಹಿಂಬದಿಗೆ ಕನ್ನಡವೇ ಬೇಕು

ಆಂಕಿಡ್ರಾಯ್ಡ್ ಅಂದರೆ ಮುಂಬದಿ ಪ್ರಶ್ನೆ, ಹಿಂಬದಿ ಉತ್ತರವಿರುವ ಕಾರ್ಡುಗಳನ್ನು ಮರೆಯುವ ಹೊತ್ತಿಗೆ ಮತ್ತೆ ಮತ್ತೆ ತೋರಿಸುವ ಫೋನ್ ಆ್ಯಪ್. ಕಷ್ಟದ ಇಂಗ್ಲಿಷ್ ಪದ ಕಲಿಯೋಣವೆಂದು ಅದನ್ನು ಹಾಕಿಕೊಂಡವರು ಮೊದಲು ಮಾಡುವ ಕೆಲಸ ಸಾವಿರಾರು ಪದಗಳ ರೆಡಿಮೇಡ್ ಡೆಕ್ (ಕಾರ್ಡುಗಳ ಕಟ್ಟು) ಇಳಿಸಿಕೊಳ್ಳುವುದು. ದಯವಿಟ್ಟು ಬೇಡ. ನನಗೆ ಸಿಕ್ಕಿದ ಡೆಕ್‌ನಲ್ಲಿ ‘ಗ್ಯಾರುಲಸ್’ ಹಿಂದೆ ‘ಲೊಕ್ವೇಶಸ್’ ಎಂದಿತ್ತು, ‘ಲೊಕ್ವೇಶಸ್’ ಹಿಂದೆ ‘ಗ್ಯಾರುಲಸ್’. ಎರಡೂ ಗೊತ್ತಿಲ್ಲದವರು ಎಲ್ಲಿಗೆ ಹೋಗಬೇಕು? ‘ಸ್ಯಾಂಕ್ಷನ್’ಗೆ ‘ಅನುಮತಿ’ ಎಂಬ ಒಂದೇ ಅರ್ಥ. ಅದೇ ಪದ ಪತ್ರಿಕೆಯಲ್ಲಿ ಒಂದು ದೇಶದ ಮೇಲೆ ಹೇರಿದ ನಿರ್ಬಂಧವಾಗಿ ಬಂದರೆ ಓದಿದ ವಾಕ್ಯವೇ ತಲೆಕೆಳಗು.

ಕಾರ್ಡನ್ನು ನೀವೇ ಮಾಡಿ. ಮುಂಬದಿಗೆ ಬರೀ ಪದ ಸಾಲದು, ಆ ಪದ ನೀವು ಓದುವಾಗ ಸಿಕ್ಕಿದ ಪೂರ್ತಿ ವಾಕ್ಯ ಹಾಕಿ. ಹಿಂಬದಿಗೆ ಆ ವಾಕ್ಯಕ್ಕೆ ಒಪ್ಪುವ ಒಂದೇ ಕನ್ನಡ ಅರ್ಥ, ಕೆಳಗೆ ಕನ್ನಡ ಲಿಪಿಯಲ್ಲಿ ಉಚ್ಚಾರಣೆ. ಇನ್ನೊಂದು ಅರ್ಥವಿದ್ದರೆ ಇನ್ನೊಂದು ಕಾರ್ಡ್. ಅರ್ಥ ಹುಡುಕಲು 1946ರಲ್ಲಿ ಮೊದಲು ಬಂದ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ನೋಡಿ, ಆದರೆ ಅಲ್ಲಿನ ಅರ್ಥವನ್ನು ಹಾಗೇ ಇಳಿಸಬೇಡಿ, ನಿಮ್ಮ ಮನೆಮಾತಿಗೆ ತನ್ನಿ. ‘ಗ್ಯಾರುಲಸ್’ ಅಂದರೆ ಬಾಯಿಬಡುಕ. ‘ಟ್ಯಾಸಿಟರ್ನ್’ ಅಂದರೆ ಮಾತು ಕಮ್ಮಿ ಇರುವವನು. ‘ಎಫೆಮರಲ್’ ನೀರ ಮೇಲಿನ ಗುಳ್ಳೆ. ಹೀಗೆ ಬರೆದ ಕಾರ್ಡ್ ನಾಲ್ಕೈದು ಸಲ ನೋಡುವಷ್ಟರಲ್ಲಿ ಕೂತುಬಿಡುತ್ತದೆ. ಒಂದು ಕಾರ್ಡಿಗೆ ಎರಡು ನಿಮಿಷ ಹಿಡಿಯುತ್ತದೆ, ನಿಜ. ಕಲಿಕೆಯ ಅರ್ಧ ಆ ಎರಡು ನಿಮಿಷದಲ್ಲೇ ಆಗಿಹೋಗುತ್ತದೆ.

ಮಂಡ್ಯದಿಂದ ಮೈಸೂರಿಗೆ ಓಡಾಡುವವರಿಗೆ ಇದಕ್ಕೆ ರೈಲಿಗಿಂತ ಒಳ್ಳೆಯ ಜಾಗವಿಲ್ಲ. ಕಾರ್ಡುಗಳೆಲ್ಲ ಫೋನಿನಲ್ಲೇ ಇರುವುದರಿಂದ ಸಿಗ್ನಲ್ ಹೋದರೂ ಚಿಂತೆಯಿಲ್ಲ. ಸೀಟು ಸಿಕ್ಕ ಕೂಡಲೇ ಹಳೆಯ ಕಾರ್ಡು, ಪಾಂಡವಪುರ ದಾಟುವ ಹೊತ್ತಿಗೆ ಅವು ಮುಗಿದಿರಬೇಕು. ಶ್ರೀರಂಗಪಟ್ಟಣದ ತನಕ ಹೊಸವು. ಕಾವೇರಿ ಸೇತುವೆ ಬಂತೆಂದರೆ ಫೋನ್ ಜೇಬಿಗೆ.

ಇಷ್ಟು ಹೊಗಳಿದ ಮೇಲೆ ಹೇಳಲೇಬೇಕಾದ್ದು: ಬಹಳ ಜನ ಇದನ್ನು ಮೂರನೇ ತಿಂಗಳಿಗೆ ಬಿಡುತ್ತಾರೆ, ಅದಕ್ಕೆ ಕಾರಣ ಅವರ ಸೋಮಾರಿತನವಲ್ಲ. ಆ್ಯಪ್ ತಾನಾಗಿ ದಿನಕ್ಕೆ 20 ಹೊಸ ಕಾರ್ಡ್ ಕೊಡುತ್ತದೆ. ಅಷ್ಟನ್ನೂ ತೆಗೆದುಕೊಂಡರೆ ಕೆಲವು ವಾರಗಳಲ್ಲಿ ದಿನದ ರಿವ್ಯೂ, ಅಂದರೆ ಮತ್ತೆ ನೋಡಬೇಕಾದ ಹಳೆಯ ಕಾರ್ಡು, 150-200ಕ್ಕೆ ಏರುತ್ತದೆ. ಮನೆಯಲ್ಲಿ ಒಂದು ಮದುವೆ ಬಂದು ನಾಲ್ಕು ದಿನ ತಪ್ಪಿದರೆ ಮುಗಿಯಿತು, ತೆರೆಯಲೇ ಭಯ. ಹೊಸವನ್ನು 8ಕ್ಕೆ ಇಳಿಸಿ. ಬಾಕಿ ಬೆಳೆದಿದ್ದರೆ ಹೊಸವನ್ನು ಸೊನ್ನೆ ಮಾಡಿ, ದಿನಕ್ಕೆ 50ರಂತೆ ಹಳೆಯದನ್ನು ತೀರಿಸಿ.

ಇನ್ನೊಂದು ತಪ್ಪು, ಉತ್ತರ ನೋಡಿದ ಮೇಲೆ ಒತ್ತುವ ‘ಹಾರ್ಡ್’ ಬಟನ್. ಅದು ‘ಕಷ್ಟಪಟ್ಟು ನೆನಪಾಯಿತು’ ಎಂದು ಹೇಳುವ ಬಟನ್, ಪಾಸಾದ ಲೆಕ್ಕ. ಮರೆತಿದ್ದರೆ ‘ಅಗೇನ್’ ಒತ್ತಬೇಕು. ಮರೆತದ್ದಕ್ಕೂ ಹಾರ್ಡ್ ಒತ್ತುತ್ತಾ ಹೋದರೆ ಗೊತ್ತಿಲ್ಲದ ಪದ ಮತ್ತೆ ಬರುವ ಅಂತರ ಹಿಗ್ಗುತ್ತಾ ಹೋಗುತ್ತದೆ, ಎಫ್‌ಎಸ್‌ಆರ್‌ಎಸ್ (ಕಾರ್ಡು ಮತ್ತೆ ಯಾವಾಗ ತೋರಿಸಬೇಕೆಂದು ಲೆಕ್ಕಹಾಕುವ ವಿಧಾನ) ಹಾಕಿಕೊಂಡಿದ್ದರೆ ಅದರ ಲೆಕ್ಕವೂ ಕೆಡುತ್ತದೆ. ಅದರಲ್ಲಿ ನೆನಪಿನ ಗುರಿ 90% ಸಾಕು. 95ಕ್ಕೆ ಏರಿಸಿದರೆ ರಿವ್ಯೂ ವಿಪರೀತ ಹೆಚ್ಚುತ್ತದೆ.

ಖರ್ಚಿನ ಮಾತು: ಆಂಡ್ರಾಯ್ಡ್‌ನ ಆಂಕಿಡ್ರಾಯ್ಡ್, ಕಂಪ್ಯೂಟರಿನ ಆಂಕಿ ಎರಡೂ ಪೂರ್ತಿ ಉಚಿತ. ಐಫೋನ್‌ನವರು ಅದರ ಆಂಕಿಮೊಬೈಲ್‌ಗೆ ಒಮ್ಮೆ ದುಡ್ಡು ಕೊಡಬೇಕು.

ನನಗೆ ತುಂಬ ಹಿಡಿಸಿದ್ದು ‘ಲೀಚ್’ ವ್ಯವಸ್ಥೆ. ಕಲಿತ ಪದವನ್ನು ಎಂಟು ಸಲ ಮರೆತರೆ ಆ್ಯಪ್ ಅದನ್ನು ಜಿಗಣೆಯೆಂದು ಗುರುತುಹಾಕುತ್ತದೆ. ಹೀಗೆ ಗುರುತು ಬೀಳುವುದು ಹೆಚ್ಚಾಗಿ ಒಂದನ್ನೊಂದು ಹೋಲುವ ಜೋಡಿಗಳಿಗೆ: ತೀವ್ರತೆ ತಗ್ಗಿಸುವ ‘ಮಿಟಿಗೇಟ್’, ವಿರುದ್ಧವಾಗಿ ನಿಲ್ಲುವ ‘ಮಿಲಿಟೇಟ್’. ‘ಎನರ್ವೇಟ್’ ಕೂಡ ಹಾಗೆಯೇ. ಕೇಳಲು ಎನರ್ಜಿಯಂತೆ, ಅರ್ಥ ಮಾತ್ರ ಕಸುವು ಹಿಂಡುವುದು. ಇಂಥವನ್ನು ಮತ್ತೆ ಮತ್ತೆ ಉರು ಹೊಡೆದು ಪ್ರಯೋಜನವಿಲ್ಲ. ಜೋಡಿಯಲ್ಲಿ ಒಂದನ್ನು ತಿಂಗಳ ಮಟ್ಟಿಗೆ ಸಸ್ಪೆಂಡ್ ಮಾಡಿ (ಪಕ್ಕಕ್ಕಿಡಿ), ಇನ್ನೊಂದರ ವಾಕ್ಯ ಬದಲಿಸಿ. ‘ಎನರ್ವೇಟ್’ಗೆ ‘ಏಪ್ರಿಲ್ ಬಿಸಿಲು ಕೆಲಸದವರನ್ನು ಸುಸ್ತು ಮಾಡಿತು’ ಎಂಬ ಅರ್ಥದ ವಾಕ್ಯ ಹಾಕಿ ನೋಡಿ.