ಹನ್ನೆರಡು ಗಾಲಿಯ ಲಾರಿಗೆ ಏರ್ ಸೀಟು: ಹತ್ತು ತಿಂಗಳ ಬಳಕೆಯ ನಂತರ

ಲೋಕಾಪುರದ ಕಡೆಯಿಂದ ಸಿಮೆಂಟ್ ತುಂಬಿಕೊಂಡು ಯರಗಟ್ಟಿ, ನೇಸರಗಿ ಮಾರ್ಗವಾಗಿ ಬೆಳಗಾವಿಗೆ ಹೋಗುವುದು, ಅಲ್ಲಿಂದ ಬಹುತೇಕ ಖಾಲಿ ಗಾಡಿಯಲ್ಲಿ ಬಾಗಲಕೋಟೆಗೆ ಮರಳುವುದು ನನ್ನ ಹದಿನೆಂಟು ವರ್ಷಗಳ ಕೆಲಸ. ಟೊಂಕದ ನೋವು ನನ್ನನ್ನು ಹೆಚ್ಚು ಕಾಡಿದ್ದು ಲೋಡಿನ ಗಾಡಿಯಲ್ಲಿ ಅಲ್ಲ, ಮರಳುವ ದಾರಿಯಲ್ಲಿ. ಹಲವು ಟನ್ ಭಾರ ಹೊರಲೆಂದೇ ಮಾಡಿದ ಪಟ್ಟಿ ಸ್ಪ್ರಿಂಗುಗಳು ಖಾಲಿ ಗಾಡಿಯಲ್ಲಿ ಹೆಚ್ಚು ಬಾಗುವುದಿಲ್ಲ, ಆದ್ದರಿಂದ ರಸ್ತೆಯ ಪೆಟ್ಟು ಚಾಸಿಯ ಮೂಲಕ ಕ್ಯಾಬಿನ್ನಿಗೆ, ಅಲ್ಲಿಂದ ಬೆನ್ನಿಗೆ ಬರುತ್ತದೆ. ನಮ್ಮ ಎರೆ ನೆಲವೂ ಇದಕ್ಕೆ ತನ್ನ ಪಾಲು ಸೇರಿಸುತ್ತದೆ: ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುವ ಆ ಮಣ್ಣಿನ ಮೇಲೆ ಹಾಸಿದ ಡಾಂಬರು ತಗ್ಗು ಬೀಳದಿದ್ದರೂ ಅಲೆಅಲೆಯಾಗುತ್ತದೆ, ಮತ್ತು ಆ ಅಲೆಗಳ ಮೇಲೆ ಗಂಟೆಗಟ್ಟಲೆ ಕುಲುಕುವುದು ಒಂದೆರಡು ದೊಡ್ಡ ತಗ್ಗುಗಳಿಗಿಂತ ಹೆಚ್ಚು ದಣಿಸುತ್ತದೆ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಹಳೆಯ ಸೀಟಿನ ಮೇಲೆ ದಪ್ಪ ಸ್ಪಂಜಿನ ಕುಶನ್ ಹೊಲಿಸಿ ಹಾಕಿಸಿದೆ. ಮೊದಲ ವಾರ ಹಿತವೆನಿಸಿದ ಆ ಕುಶನ್ ತಿಂಗಳೊಳಗೆ ನನ್ನ ಭಾರಕ್ಕೆ ಕುಸಿದು, ತಗ್ಗು ಬಂದಾಗಲೆಲ್ಲ ತಳಕ್ಕೆ ಬಡಿಯತೊಡಗಿತು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಕುಶನ್ ನನ್ನನ್ನು ಎತ್ತರಕ್ಕೂ ಮುಂದಕ್ಕೂ ತಳ್ಳಿದ್ದರಿಂದ ಟೊಂಕಕ್ಕೆ ಹಿಂದಿನ ಆಸರೆ ತಪ್ಪಿ, ಕ್ಲಚ್ ತುಳಿದಾಗಲೆಲ್ಲ ಸೊಂಟ ಒಂದು ಬದಿಗೆ ತಿರುಚುತ್ತಿತ್ತು.

ಏರ್ ಸೀಟಿನ ಕೆಲಸವೇ ಬೇರೆ. ಸೀಟಿನ ಕೆಳಗೆ ಕತ್ತರಿಯಂತೆ ಮಡಚುವ ಕಬ್ಬಿಣದ ಚೌಕಟ್ಟು, ಅದರ ನಡುವೆ ರಬ್ಬರಿನ ಗಾಳಿಚೀಲ, ಪಕ್ಕದಲ್ಲಿ ಒಂದು ಶಾಕ್ ಅಬ್ಸಾರ್ಬರ್ ಇರುತ್ತವೆ. ಗಾಳಿ ಬರುವುದು ಗಾಡಿಯ ಕಂಪ್ರೆಸರಿನಿಂದಲೇ. ಕುಳಿತ ಮನುಷ್ಯನ ಬೆನ್ನುಮೂಳೆಗೆ ಅತಿ ಹೆಚ್ಚು ತಟ್ಟುವುದು ಸೆಕೆಂಡಿಗೆ ಸುಮಾರು 4 ರಿಂದ 8 ಸಲ ಮೇಲೆ ಕೆಳಗೆ ಆಗುವ ಕುಲುಕಾಟ, ಮತ್ತು ಲಾರಿಯ ಕುಲುಕಾಟದ ಬಹುಪಾಲು ಇದರ ಆಸುಪಾಸಿನಲ್ಲಿಯೇ ಇರುತ್ತದೆ. ಏರ್ ಸೀಟು ಅದಕ್ಕಿಂತ ನಿಧಾನವಾಗಿ ತೂಗುವುದರಿಂದ ಆ ಪೆಟ್ಟಿನ ದೊಡ್ಡ ಭಾಗ ಬೆನ್ನಿಗೆ ಮುಟ್ಟುವ ಮೊದಲೇ ಸತ್ತುಹೋಗುತ್ತದೆ.

ಹತ್ತು ತಿಂಗಳ ನಂತರ ನಾನು ಖಚಿತವಾಗಿ ಹೇಳಬಲ್ಲದ್ದು ಇಷ್ಟು: ಬೆಳಗಾವಿಯಿಂದ ಮರಳಿ ಗಾಡಿಯಿಂದ ಇಳಿದಾಗ ಬಾಗಿಲು ಹಿಡಿದು ನಿಲ್ಲುವ ಸ್ಥಿತಿ ಈಗಿಲ್ಲ, ಮತ್ತು ರಾತ್ರಿ ಮಗ್ಗಲು ಬದಲಿಸುವಾಗ ಎಚ್ಚರವಾಗುವುದು ನಿಂತಿದೆ. ಎಡಗಾಲಿಗೆ ಇಳಿಯುತ್ತಿದ್ದ ಸೆಳೆತ ಮಾತ್ರ ಕಡಿಮೆಯಾಗಿದೆಯೇ ಹೊರತು ಹೋಗಿಲ್ಲ. ಅದಕ್ಕೆ ವೈದ್ಯರು ಹೇಳಿಕೊಟ್ಟ ವ್ಯಾಯಾಮವನ್ನು ಈಗಲೂ ಮಾಡುತ್ತೇನೆ. ಕಾಲು ಜೋಮು ಹಿಡಿದು ಬಲ ಕಳೆದುಕೊಳ್ಳುತ್ತಿದ್ದರೆ, ಅಥವಾ ಮೂತ್ರದ ಹಿಡಿತ ತಪ್ಪುತ್ತಿದ್ದರೆ, ಸೀಟಿನ ವಿಚಾರ ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ದೋಷಗಳೂ ಇವೆ. ಸೀಟಿಗೂ ಕೂಡಿಸುವ ಕೂಲಿಗೂ ಸೇರಿ ಎರಡು ಹೊಸ ಟೈರು ಕೊಳ್ಳುವಷ್ಟು ಹಣ ಬಿತ್ತು. ಹಳೆಯ ಕ್ಯಾಬಿನ್ನಿನಲ್ಲಿ ಚೌಕಟ್ಟಿನ ಎತ್ತರದಿಂದಾಗಿ ನನ್ನ ತಲೆ ಚಾವಣಿಗೆ ಹತ್ತಿರವಾಗಿದೆ. ಎತ್ತರದ ಚಾಲಕರು ಅಳತೆ ಮಾಡದೆ ಕೊಳ್ಳಬಾರದು. ಕೂಡಿಸಿದ ಗ್ಯಾರೇಜಿನವರು ಮೊದಲ ಸಲ ಗಾಳಿಯ ಪೈಪನ್ನು ಬ್ರೇಕಿಗೆ ಗಾಳಿ ಕೊಡುವ ಟ್ಯಾಂಕಿನಿಂದಲೇ ಎಳೆದಿದ್ದರು. ಅಲ್ಲಿ ಒಂದು ಜಾಯಿಂಟ್ ಸೋರಿ, ರಾತ್ರಿ ನಿಲ್ಲಿಸಿದ ಗಾಡಿಯಲ್ಲಿ ಬೆಳಗ್ಗೆ ಗಾಳಿ ಇಳಿದಿರುವುದನ್ನು ಮೀಟರಿನಲ್ಲಿ ನೋಡಿ ನಾನು ಹೆದರಿದೆ. ಸೀಟಿನ ಪೈಪನ್ನು, ಬ್ರೇಕಿನ ಗಾಳಿಯನ್ನು ಕಾಯುವ ಪ್ರೊಟೆಕ್ಷನ್ ವಾಲ್ವ್ ದಾಟಿದ ನಂತರದ ಬೇರೆ ಲೈನಿನಿಂದ ತೆಗೆದುಕೊಳ್ಳಬೇಕು. ಆಗ ಸೀಟು ಸೋರಿದರೂ ಬ್ರೇಕಿನ ಗಾಳಿ ಉಳಿಯುತ್ತದೆ. ಎದುರಿಗೆ ನಿಂತು ಈ ಕೆಲಸವನ್ನು ಮತ್ತೆ ಮಾಡಿಸಿದೆ, ನೀವೂ ನಿಂತೇ ಮಾಡಿಸಿರಿ. ಸೀಟು ಬೆಲ್ಟು ತೂಗುವ ಸೀಟಿನೊಂದಿಗೆ ಎಳೆದಾಡದೆ ಸರಿಯಾಗಿ ಕೂರುತ್ತದೆಯೇ ಎಂಬುದನ್ನೂ ಅದೇ ಹೊತ್ತಿನಲ್ಲಿ ನೋಡಿಕೊಳ್ಳಬೇಕು.

2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಗಿದೆ. ಬಿಸಿಲಿನ ಬಗ್ಗೆ ತೋರಿದ ಆ ಕಾಳಜಿ ನಮ್ಮ ಬೆನ್ನಿನ ಬಗ್ಗೆಯೂ ಬರಬೇಕೆಂದು ನಾನು ಮನಸಾರೆ ಬಯಸುತ್ತೇನೆ, ಏಕೆಂದರೆ ಬೇರೆಯವರ ಗಾಡಿ ಓಡಿಸುವ ಚಾಲಕ ಇಷ್ಟು ಹಣವನ್ನು ತನ್ನ ಕೈಯಿಂದ ಹಾಕಲಾರ.

ಕೊಂಡವರು ತಪ್ಪದೆ ಮಾಡಬೇಕಾದದ್ದು ಭಾರದ ಹೊಂದಾಣಿಕೆ. ಕುಳಿತ ಮೇಲೆ ಸೀಟು ತನ್ನ ಏರಿಳಿತದ ನಡುಮಟ್ಟದಲ್ಲಿ ನಿಲ್ಲುವಷ್ಟು ಗಾಳಿ ಇರಬೇಕು. ಕಡಿಮೆಯಾದರೆ ತಳಕ್ಕೆ ಬಡಿಯುತ್ತದೆ, ಹೆಚ್ಚಾದರೆ ಮೇಲಿನ ತುದಿಗೆ ತಾಗಿ ನಿಂತು ಹಳೆಯ ಸೀಟಿನಂತೆಯೇ ಗಟ್ಟಿಯಾಗುತ್ತದೆ. ನನ್ನೊಂದಿಗೆ ಪಾಳಿಯಲ್ಲಿ ಓಡಿಸುವ ಅಕ್ಕನ ಮಗ ನನಗಿಂತ ಬಹಳ ಹಗುರ. ನನ್ನ ಭಾರಕ್ಕೆ ಇಟ್ಟಿದ್ದ ಗಾಳಿಯಲ್ಲಿಯೇ ಯರಗಟ್ಟಿಯ ತನಕ ಓಡಿಸಿದ ಅವನು, "ಮಾಮಾ, ಹಳೇ ಸೀಟೇ ಚಲೋ ಇತ್ತು" ಎಂದು ದೂರಿದ. ಆ ದಿನದಿಂದ ಕೀಲಿ ಕೈ ಬದಲಾದಾಗಲೆಲ್ಲ ಮೊದಲು ಗಾಳಿ ಬಿಟ್ಟು, ಕುಳಿತು, ಮತ್ತೆ ತುಂಬಿಕೊಂಡೇ ನಾವು ಗಾಡಿ ಎಬ್ಬಿಸುತ್ತೇವೆ. ಅವನ ದೂರು ಮತ್ತೆ ಬಂದಿಲ್ಲ.